ಸೆಕೆಂಡ್ ಹ್ಯಾಂಡ್ ಸ್ಪೋರ್ಟಿ ಸೆಡಾನ್: ಸದ್ದು, ಹೊಗೆ, ನಡುಕದಿಂದ ದೋಷ ಪತ್ತೆ ಮಾಡುವ ಬಗೆ

ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅವತ್ತಿಗೆ ನಮಸ್ಕಾರ ಹೇಳಿ ವಾಪಸ್ ಬನ್ನಿ. ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಇಲ್ಲಿ ನಾನು ಹೇಳುವುದರಲ್ಲಿ ಅರ್ಧಕ್ಕರ್ಧ ಎಂಜಿನ್ ತಣ್ಣಗಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಒಮ್ಮೆ ಬಿಸಿಯಾಯಿತು ಅಂದರೆ ಆಯಿಲ್ ಎಲ್ಲ ಕಡೆ ಹರಡಿರುತ್ತದೆ, ಲೋಹ ಹಿಗ್ಗಿ ಸಂದುಗೊಂದುಗಳು ಮುಚ್ಚಿಕೊಂಡಿರುತ್ತವೆ, ಸುಸ್ತಾದ ಎಂಜಿನ್ ಕೂಡ ಮದುಮಗನ ಹಾಗೆ ನಗುತ್ತಾ ನಿಂತಿರುತ್ತದೆ.

ಯಾವ ಗಾಡಿಗಳ ಬಗ್ಗೆ ಹೇಳುತ್ತಿದ್ದೇನೆ ಅಂದರೆ, ಹಿಂದೆ ಮೂವರು ಆರಾಮಾಗಿ ಕೂರುತ್ತಾರೆ, ಡಿಕ್ಕಿಯಲ್ಲಿ ಮನೆಮಂದಿಯ ಲಗೇಜ್ ಹಿಡಿಸುತ್ತದೆ, ಆದರೂ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ, ಅಂಥವು. ಮಜ್ದಾ 6, ಹೋಂಡಾ ಅಕಾರ್ಡ್, ಫೋರ್ಡ್ ಮಾಂಡಿಯೊ, ಟರ್ಬೊ ಪೆಟ್ರೋಲ್ ಪಸಾಟ್, ಸ್ಕೋಡಾ ಸೂಪರ್ಬ್, ಸುಬಾರು ಲೆಗಸಿ, ಹೀಗೆ. ಇವುಗಳ ತಾಪತ್ರಯ ಏನೆಂದರೆ ಇವು ಎರಡು ಬಾಳು ಬಾಳಿರುತ್ತವೆ. ವಾರವೆಲ್ಲ ಸ್ಕೂಲು, ಆಫೀಸು, ಅಂಗಡಿ, ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಫ್. ರಜೆ ಬಂದರೆ ಖಾಲಿ ಹೆದ್ದಾರಿಯಲ್ಲಿ ಕೆಂಪು ಗೆರೆ ಮುಟ್ಟುವವರೆಗೆ ಓಟ. ಸಣ್ಣ ಓಡಾಟದಲ್ಲಿ ಆಯಿಲ್‌ಗೆ ನೀರಿನ ಪಸೆ ಸೇರುತ್ತದೆ, ಸುಡದೆ ಉಳಿದ ಪೆಟ್ರೋಲ್ ಸೇರುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಆ ತೆಳ್ಳನೆ ಆಯಿಲ್ ನಂಬಿಕೊಂಡೇ ರಜೆ ದಿನ ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಚಕ್ರ, ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಹಾಗಾಗಿ ಮೀಟರ್‌ನಲ್ಲಿ ಕಿಲೋಮೀಟರ್ ಕಡಿಮೆ ಇದೆ ಅಂತ ಹಿಗ್ಗಬೇಡಿ. ಹೆದ್ದಾರಿಯಲ್ಲೇ 1,40,000 ಕಿಮೀ ಓಡಿ, ಆಯಿಲ್ ಬದಲಾಯಿಸಿದ ಚೀಟಿಗಳನ್ನೆಲ್ಲ ಇಟ್ಟುಕೊಂಡಿರುವ ಗಾಡಿಯನ್ನು ನಾನು, ಐದೈದು ಕಿಲೋಮೀಟರ್ ಲೆಕ್ಕದಲ್ಲಿ 60,000 ಓಡಿದ ಗಾಡಿಗಿಂತ ಮೊದಲು ನೋಡುತ್ತೇನೆ.

ಮೊದಲ ಮೂರು ಸೆಕೆಂಡ್

ಮಾರುವವರಿಗೆ ಕೀ ತಿರುಗಿಸಲು ಹೇಳಿ, ನೀವು ಬಾನೆಟ್ ಎತ್ತಿ ಎಂಜಿನ್ ಪಕ್ಕ ನಿಂತಿರಿ. ಸ್ಟಾರ್ಟ್ ಆದ ಕ್ಷಣ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಗಲಗಲ ಸದ್ದು ಒಂದೆರಡು ಸೆಕೆಂಡ್ ಬಂದು ನಿಂತರೆ ಅದು ಟೈಮಿಂಗ್ ಚೈನ್ (ವಾಲ್ವ್‌ಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುವ ಚೈನ್) ಅಂತ ಅನುಮಾನ ಪಡಿ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಹೆಚ್ಚಿನ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ನಿಂತಾಗ ಆಯಿಲ್ ಇಳಿದುಹೋಗಿ, ಒತ್ತಡ ಮತ್ತೆ ಬರುವವರೆಗೆ ಸಡಿಲವಾದ ಚೈನ್ ಬಡಿದುಕೊಳ್ಳುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಇಎ888 ಅನ್ನುವ 2.0 ಲೀಟರ್ ಟರ್ಬೊ ಎಂಜಿನ್‌ನಲ್ಲಿ, ಸುಮಾರು 2008ರಿಂದ 2012ರವರೆಗೆ ಬಂದವುಗಳಲ್ಲಿ, ಈ ಟೆನ್ಷನರ್ ಕೈಕೊಡುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಕಾಯಿಲೆ. ಕೈಕೊಟ್ಟರೆ ಚೈನ್ ಹಲ್ಲು ಹಾರುತ್ತದೆ, ವಾಲ್ವ್ ಹೋಗಿ ಪಿಸ್ಟನ್‌ಗೆ ಗುದ್ದುತ್ತದೆ, ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು. 2005ರ ಸುಮಾರಿಗೆ ಬಂದ ಮಜ್ದಾ 6 ಎಂಪಿಎಸ್ ಕೂಡ ಇದೇ ಜಾತಿ. 2.3 ಲೀಟರ್ ಟರ್ಬೊ, ನಾಲ್ಕೂ ಚಕ್ರಕ್ಕೆ ಶಕ್ತಿ, ನೋಡಲು ಸಾಧು ಮನೆಗಾಡಿ. ಅದರಲ್ಲೂ ಚೈನ್ ಹಿಗ್ಗುತ್ತದೆ, ವಾಲ್ವ್ ಟೈಮಿಂಗ್ ಬದಲಿಸುವ ಗಾಲಿ ತಣ್ಣಗಿದ್ದಾಗ ಕಟಕಟ ಅನ್ನುತ್ತದೆ.

ಎಲ್ಲ ಸದ್ದಿಗೂ ಹೆದರಬೇಕಿಲ್ಲ. ಇಂಧನವನ್ನು ನೇರ ಸಿಲಿಂಡರ್‌ಗೇ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಮತ್ತು ದೊಡ್ಡ ಒತ್ತಡದ ಪಂಪ್ ಯಾವಾಗಲೂ ಟಿಕ್ ಟಿಕ್ ಅನ್ನುತ್ತಲೇ ಇರುತ್ತವೆ, ಹೊಲಿಗೆ ಯಂತ್ರದ ಹಾಗೆ. ತಣ್ಣಗಿದ್ದಾಗಲೂ ಅದೇ ಸದ್ದು, ಬಿಸಿಯಾದ ಮೇಲೂ ಅದೇ ಸದ್ದು. ಅದು ಸಹಜ. ತಣ್ಣಗಿದ್ದಾಗ ಟಿಕ್ ಟಿಕ್ ಬಂದು, ಕಾಲು ಒತ್ತಿದಾಗ ಜಾಸ್ತಿಯಾಗಿ, ಹತ್ತು ನಿಮಿಷದಲ್ಲಿ ಮಾಯವಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀಳಿರಬಹುದು ಇಲ್ಲಾ ಗ್ಯಾಸ್ಕೆಟ್ ಸೋರುತ್ತಿರಬಹುದು, ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಖರ್ಚಿದೆ, ಆದರೆ ಪ್ರಾಣ ಹೋಗುವುದಿಲ್ಲ. ಆಳದಿಂದ, ಸುತ್ತಿಗೆಯಲ್ಲಿ ಬಡಿದ ಹಾಗೆ ಟಕ್ ಟಕ್ ಅಂತ ಬಂದು, ಕಾಲು ಒತ್ತಿದಷ್ಟೂ ಜೋರಾದರೆ ಬೇರಿಂಗ್ ಹೋಗಿದೆ. ಬಾನೆಟ್ ಮುಚ್ಚಿ, ಮನೆಗೆ ಹೋಗಿ.

ಸ್ಟಾರ್ಟ್ ಆದ ತಕ್ಷಣ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, 1,200ರ ಮೇಲೆ ಹೋಗುವುದು ಮಾಮೂಲು, ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಅಂತ ಕಂಪ್ಯೂಟರ್ ಬೇಕಂತಲೇ ಹಾಗೆ ಮಾಡುತ್ತದೆ. ನಿಧಾನಕ್ಕೆ 700, 800ಕ್ಕೆ ಇಳಿಯಬೇಕು. ಮೊದಲ ಒಂದು ನಿಮಿಷ ಮಾತ್ರ ತಡವರಿಸಿ ಆಮೇಲೆ ಸರಿಹೋದರೆ, ನೇರ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಮಸಿ ಕಟ್ಟಿರುವ ಸಾಧ್ಯತೆ ಇದೆ. ಹಳೇ ರೀತಿಯ ಎಂಜಿನ್‌ನಲ್ಲಿ ಪೆಟ್ರೋಲ್ ಆ ವಾಲ್ವ್ ಮೇಲೆಯೇ ಬಿದ್ದು ತೊಳೆದುಕೊಂಡು ಹೋಗುತ್ತಿತ್ತು. ಇವುಗಳಲ್ಲಿ ತೊಳೆಯುವವರೇ ಇಲ್ಲ. ಅಕ್ರೋಟಿನ ಸಿಪ್ಪೆ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಕ್ಲೀನ್ ಮಾಡುತ್ತಾರೆ. ಇದನ್ನು ಬೆಲೆ ಇಳಿಸಲು ಬಳಸಿಕೊಳ್ಳಿ, ಗಾಡಿ ಬಿಡಲು ಇದೊಂದೇ ಕಾರಣ ಸಾಲದು.

ಹೊಗೆ ನೋಡುವಾಗ ಯಾವಾಗ ಬಂತು ಅನ್ನುವುದೇ ಮುಖ್ಯ

ಬಣ್ಣ ಎಲ್ಲರೂ ನೋಡುತ್ತಾರೆ. ನೀಲಿ ಅಂದರೆ ಆಯಿಲ್, ಕಪ್ಪು ಅಂದರೆ ಇಂಧನ ಜಾಸ್ತಿ, ದಟ್ಟ ಬಿಳಿ ಅಂದರೆ ಕೂಲೆಂಟ್, ಎಂಜಿನ್ ತಣ್ಣಗಿಡುವ ದ್ರವ. ಆದರೆ ನೀಲಿ ಹೊಗೆ ಒಂದೇ ಆದರೂ ಕಾಯಿಲೆ ಮೂರಿರಬಹುದು, ಮೂರಕ್ಕೂ ಖರ್ಚು ಬೇರೆ ಬೇರೆ. ತಣ್ಣನೆ ಸ್ಟಾರ್ಟ್‌ನಲ್ಲಿ ಒಂದು ಸಲ ಪುಸ್ ಅಂತ ಬಂದು ನಿಂತರೆ ವಾಲ್ವ್ ಸೀಲ್ ಒಣಗಿದೆ, ರಾತ್ರಿ ಆಯಿಲ್ ತೊಟ್ಟಿಕ್ಕಿದೆ. ಐದು ನಿಮಿಷ ಸುಮ್ನೆ ನಿಲ್ಲಿಸಿ ಐಡಲ್‌ನಲ್ಲಿ ಬಿಟ್ಟು ಆಮೇಲೆ ಜೋರಾಗಿ ಕಾಲು ಒತ್ತಿದಾಗ ಮೋಡದ ಹಾಗೆ ಬಂದರೆ ಟರ್ಬೊದ ಸೀಲ್ ಮೇಲೂ ವಾಲ್ವ್ ಸೀಲ್ ಮೇಲೂ ಅನುಮಾನ. ಓಡಿಸುವಾಗ, ಎಳೆಯುವ ಹೊತ್ತಿನಲ್ಲಿ, ಹಿಂದೆ ಬರುವವರಿಗೆ ಸತತವಾಗಿ ಕಂಡರೆ ಪಿಸ್ಟನ್ ರಿಂಗ್. ಹಾಗಾಗಿ ಟೆಸ್ಟ್ ಡ್ರೈವ್‌ಗೆ ಹೋಗುವಾಗ ಸ್ನೇಹಿತರೊಬ್ಬರು ಬೇರೆ ಗಾಡಿಯಲ್ಲಿ ಹಿಂದೆ ಬಂದರೆ ತುಂಬಾ ಅನುಕೂಲ. ಕನ್ನಡಿಯಲ್ಲಿ ನಿಮಗೆ ಅರ್ಧ ಕಾಣುವುದೇ ಇಲ್ಲ.

ತಣ್ಣನೆ ಬೆಳಿಗ್ಗೆ ತೆಳ್ಳನೆ ಬಿಳಿ ಹಬೆ ಬಂದು ಕರಗಿದರೆ ಅದು ಬರೀ ನೀರಿನ ಆವಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಹೊಗೆ ಗಾಳಿಯಲ್ಲಿ ತೇಲುತ್ತಾ ಉಳಿದು ಸಿಹಿ ಸಿಹಿ ವಾಸನೆ ಬಂದರೆ ಮುಂದಿನ ಭಾಗ ಗಮನ ಇಟ್ಟು ಓದಿ.

ಕ್ಯಾಪ್ ಕೆಳಗಿನ ಬೆಣ್ಣೆ

ಆಯಿಲ್ ತುಂಬುವ ಕ್ಯಾಪ್ ತಿರುಗಿಸಿ ತೆಗೆದರೆ ಒಳಗೆ ಹಳದಿ ಬಿಳಿಯ ಬೆಣ್ಣೆ ಅಂಟಿಕೊಂಡಿರುವುದು ಕೆಲವು ಸಲ ಕಾಣುತ್ತದೆ. ನೋಡಿದ ತಕ್ಷಣ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲಿನ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಸೀಲ್) ಹೋಗಿದೆ ಅಂತ ಓಡಿಹೋಗುವವರಿದ್ದಾರೆ. ಇದೆಲ್ಲ ಮಾಮೂಲಿ ಸಾರ್ ಅಂತ ಮಾರುವವರು ಹೇಳಿದ್ದಕ್ಕೆ ತಲೆಯಾಡಿಸಿ ಕೊಂಡುಬಿಡುವವರೂ ಇದ್ದಾರೆ. ಇಬ್ಬರೂ ಅವಸರ ಮಾಡಿದರು ಅಂತಲೇ ಹೇಳಬೇಕು, ಯಾಕೆಂದರೆ ಸಣ್ಣ ಸಣ್ಣ ಓಡಾಟದ ಗಾಡಿಯಲ್ಲಿ ಪಸೆ ತಣ್ಣನೆ ಕ್ಯಾಪ್‌ಗೆ ಬಡಿದು ಬೆಣ್ಣೆಯಾಗುತ್ತದೆ, ಗ್ಯಾಸ್ಕೆಟ್ ಹೋದಾಗಲೂ ಅದೇ ಬೆಣ್ಣೆ.

ಬೇರ್ಪಡಿಸುವುದು ಹೀಗೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಬೆಣ್ಣೆ ಕ್ಯಾಪ್‌ನಲ್ಲಿ ಮಾತ್ರ ಇದ್ದು ಡಿಪ್‌ಸ್ಟಿಕ್‌ನ ಆಯಿಲ್ ಸ್ವಚ್ಛವಾಗಿದ್ದರೆ ಪಸೆಯದ್ದೇ ಆಟ. ಆಯಿಲ್ ಕೂಡ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬೇರೆ ವಿಷಯ. ಆಮೇಲೆ ಕೂಲೆಂಟ್ ಟ್ಯಾಂಕ್. ಎಂಜಿನ್ ತಣ್ಣಗಿದ್ದಾಗ ಮಾತ್ರ ಮುಚ್ಚಳ ತೆಗೆಯಿರಿ, ಬಿಸಿಯಲ್ಲಿ ತೆಗೆದರೆ ಮುಖ ಸುಟ್ಟುಕೊಳ್ಳುತ್ತೀರಿ. ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿದೆಯಾ, ಬಣ್ಣ ಕಂದು ಕೆಸರಾಗಿದೆಯಾ, ಮೇಲೆ ಎಣ್ಣೆಯ ಕಾಮನಬಿಲ್ಲು ತೇಲುತ್ತಿದೆಯಾ ನೋಡಿ. ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಹಿಂಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಅದು ಮೆತ್ತಗಿರಬೇಕು. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಸಿಲಿಂಡರ್‌ನ ಗಾಳಿ ಕೂಲೆಂಟ್ ದಾರಿಗೆ ನುಗ್ಗಿ ಒತ್ತಡ ಕಟ್ಟಿದೆ ಅಂತ ಅನುಮಾನ ಬರಬೇಕು.

ಇನ್ನೂ ಸಂಶಯ ಉಳಿದರೆ ಒಂದು ಸುಲಭದ ಕೆಮಿಕಲ್ ಟೆಸ್ಟ್ ಇದೆ, ಹೆಚ್ಚಿನ ಗ್ಯಾರೇಜ್‌ಗಳಲ್ಲಿ ಇರುತ್ತದೆ. ಗಾಜಿನ ಕೊಳವೆಯಲ್ಲಿ ನೀಲಿ ದ್ರವ ಹಾಕಿ ಕೂಲೆಂಟ್ ಟ್ಯಾಂಕ್ ಬಾಯಿಗೆ ಇಟ್ಟು, ಎಂಜಿನ್ ಓಡುತ್ತಿರುವಾಗ ಅಲ್ಲಿಯ ಗಾಳಿಯನ್ನು ದ್ರವದ ಮೂಲಕ ಹೀರುತ್ತಾರೆ. ಪೆಟ್ರೋಲ್ ಎಂಜಿನ್‌ನ ಸುಟ್ಟ ಗಾಳಿ ಬಂದರೆ ನೀಲಿ ಹಳದಿಯಾಗುತ್ತದೆ. ಎದುರಿಗೇ ಬಣ್ಣ ಬದಲಾಗುವುದನ್ನು ನೋಡಿದರೆ ಮಾರುವವರು ಕೂಡ ವಾದ ಮಾಡುವುದಿಲ್ಲ. ಸುಬಾರು ಲೆಗಸಿಯ ಹಳೇ 2.5 ಲೀಟರ್ ಇಜೆ25 ಎಂಜಿನ್‌ಗೆ ಈ ಟೆಸ್ಟ್ ಮಾಡಿಸದೆ ಕೈ ಹಾಕಲೇಬೇಡಿ. ಜತೆಗೆ ಎಂಜಿನ್ ಅಡಿಯಲ್ಲಿ, ಹೆಡ್ ಮತ್ತು ಬ್ಲಾಕ್ ಕೂಡುವ ಗೆರೆಯಲ್ಲಿ ಟಾರ್ಚ್ ಬಿಟ್ಟು ನೋಡಿ, ಆ ಎಂಜಿನ್‌ನಲ್ಲಿ ಹೆಡ್ ಗ್ಯಾಸ್ಕೆಟ್ ಹೊರಗಡೆಗೂ ಸೋರುತ್ತದೆ.

ಡಿಪ್‌ಸ್ಟಿಕ್ ಕೈಯಲ್ಲಿದ್ದಾಗಲೇ ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದು ಮಟ್ಟ ಗರಿಷ್ಠ ಗೆರೆಗಿಂತ ಮೇಲಿದ್ದರೆ ಆಯಿಲ್‌ಗೆ ಇಂಧನ ಬೆರೆತಿದೆ. ಹೋಂಡಾದ 1.5 ಲೀಟರ್ ಟರ್ಬೊ ಚಳಿ ದೇಶಗಳಲ್ಲಿ ಇದಕ್ಕೇ ಹೆಸರು ಕೆಡಿಸಿಕೊಂಡಿತು.

ಸ್ಕ್ಯಾನರ್: ದೀಪ ಉರಿಯುತ್ತಿಲ್ಲ ಅಂದರೆ ದೋಷ ಇಲ್ಲ ಅಂತಲ್ಲ

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಕಪ್ಪು ಬಣ್ಣದ ಟರ್ಬೊ ಸೆಡಾನ್ ಒಂದನ್ನು ನೋಡಲು ಹೋಗಿದ್ದೆ. ಯಾವ ಕಂಪನಿಯದು ಅನ್ನುವುದು ಬೇಡ, ತಪ್ಪು ಗಾಡಿಯದ್ದಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಒಂದೂ ದೀಪ ಉರಿಯುತ್ತಿರಲಿಲ್ಲ. ನನ್ನ ಹತ್ತಿರ ಗಾಡಿಯ ಕಂಪ್ಯೂಟರ್ ಓದುವ ಅಂಗೈಯಗಲದ ಒಬಿಡಿ ಸ್ಕ್ಯಾನರ್ ಇತ್ತು, ಸ್ಟಿಯರಿಂಗ್ ಕೆಳಗೆ ಚುಚ್ಚಿದೆ, ಕೋಡ್ (ಕಂಪ್ಯೂಟರ್ ಬರೆದಿಟ್ಟ ದೋಷದ ನಂಬರ್) ಸೊನ್ನೆ ಅಂತ ತೋರಿಸಿತು. ಖುಷಿಯಾಗಿ ಕೈಕುಲುಕಿ ಕೊಂಡು ಬಂದೆ. ನಾಲ್ಕನೇ ದಿನ ಎಂಜಿನ್ ದೀಪ ಹತ್ತಿತು. ಪಿ0420, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅದರ ಹಿಂದೆಯೇ ಪಿ0299, ಟರ್ಬೊದ ಒತ್ತಡ ಸಾಲುತ್ತಿಲ್ಲ. ಆಮೇಲೆ ಗ್ಯಾರೇಜ್‌ನಲ್ಲಿ ಆ ಹುಡುಗ ನನ್ನದೇ ಸ್ಕ್ಯಾನರ್ ತೆಗೆದುಕೊಂಡು ನಾನು ಒಮ್ಮೆಯೂ ತೆರೆಯದ ಒಂದು ಪುಟ ತೆರೆದು ತೋರಿಸಿದ. ಕೋಡ್ ಅಳಿಸಿದ ಮೇಲೆ ಓಡಿದ ದೂರ: 131 ಕಿಮೀ. ನಾನು ತಂದ ಮೇಲೆ ಓಡಿಸಿದ್ದು 122. ಅಂದರೆ ನಾನು ಗಾಡಿ ನೋಡಲು ಹೋಗುವ ಮುಂಚೆ ಬರೀ 9 ಕಿಲೋಮೀಟರ್ ಹಿಂದೆ ಯಾರೋ ಎಲ್ಲ ಕೋಡ್ ಒರೆಸಿ ಹಾಕಿದ್ದರು. ಆ ಸಂಖ್ಯೆ ಅವತ್ತೂ ಸ್ಕ್ಯಾನರ್‌ನಲ್ಲಿ ಇತ್ತು. ನೋಡಬೇಕಾದವನು ನಾನೇ ನೋಡಲಿಲ್ಲ, ಅಷ್ಟೆ.

ಹಾಗಾಗಿ ಕೋಡ್ ಇದೆಯಾ ಇಲ್ವಾ ಅನ್ನುವುದು ಕೊನೆಯ ಪ್ರಶ್ನೆ. ಮೊದಲು ರೆಡಿನೆಸ್ ಮಾನಿಟರ್ ನೋಡಿ. ಗಾಡಿಯ ಕಂಪ್ಯೂಟರ್ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ, ಒಂದೊಂದನ್ನೂ ತಾನೇ ಪರೀಕ್ಷೆ ಮಾಡಿಕೊಂಡು ಮುಗಿಯಿತು ಅಂತ ಗುರುತು ಹಾಕಿಕೊಳ್ಳುತ್ತದೆ. ಕೋಡ್ ಅಳಿಸಿದರೆ, ಬ್ಯಾಟರಿ ಕಳಚಿದರೆ ಈ ಗುರುತುಗಳೂ ಅಳಿಸಿಹೋಗುತ್ತವೆ, ಮತ್ತೆ ಪೂರ್ತಿಯಾಗಲು ತಣ್ಣನೆ ಸ್ಟಾರ್ಟ್, ಹೆದ್ದಾರಿ ಓಟ, ಊರೊಳಗಿನ ಓಟ ಎಲ್ಲ ಸೇರಿ ಹಲವು ದಿನ ಹಿಡಿಯಬಹುದು. ಮೂರ್ನಾಲ್ಕು ಮಾನಿಟರ್ ಅಪೂರ್ಣ ಅಂತ ತೋರಿಸಿದರೆ ಕಾರಣ ಕೇಳಿ. ನಿನ್ನೆಯಷ್ಟೇ ಹೊಸ ಬ್ಯಾಟರಿ ಹಾಕಿಸಿದೆ ಅಂದರೆ ಬಾನೆಟ್ ಎತ್ತಿ ಬ್ಯಾಟರಿ ನಿಜಕ್ಕೂ ಹೊಸದಾ ನೋಡಿ. ಇಲ್ಲಾ, ಒಂದು ವಾರ ಓಡಿಸಿ, ಆಮೇಲೆ ಬರುತ್ತೇನೆ ಅನ್ನಿ. ಅಮೆರಿಕದ ಮಾರುಕಟ್ಟೆಗೆ ಸುಮಾರು 2010ರ ನಂತರ ಬಂದ ಗಾಡಿಗಳಲ್ಲಿ ಪರ್ಮನೆಂಟ್ ಕೋಡ್ ಅಂತಲೂ ಇದೆ, ಅದು ಸ್ಕ್ಯಾನರ್‌ನಿಂದ ಅಳಿಯುವುದಿಲ್ಲ, ದೋಷ ಸರಿಹೋಗಿದೆ ಅಂತ ಕಂಪ್ಯೂಟರ್‌ಗೇ ಖಾತ್ರಿಯಾದ ಮೇಲಷ್ಟೇ ಹೋಗುತ್ತದೆ.

ಆಮೇಲೆ ಫ್ಯುಯೆಲ್ ಟ್ರಿಮ್. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಜಾಸ್ತಿ ಅಥವಾ ಕಡಿಮೆ ಪೆಟ್ರೋಲ್ ಹಾಕಬೇಕಾಗಿ ಬಂದಿದೆ ಅನ್ನುವ ಶೇಕಡಾ ಲೆಕ್ಕ ಇದು. ಬಿಸಿ ಎಂಜಿನ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ 5ರ ಒಳಗೆ ಅತ್ತಿತ್ತ ಇದ್ದರೆ ಚಿಂತೆ ಬೇಡ. ಪ್ಲಸ್ 10 ದಾಟಿದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಐಡಲ್‌ನಲ್ಲಿ ಎಷ್ಟಿದೆ ನೋಡಿ, ಆಮೇಲೆ 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ನೋಡಿ. ಐಡಲ್‌ನಲ್ಲಿ ಜಾಸ್ತಿ ಇದ್ದು ಮೇಲೆ ಹೋದಾಗ ಇಳಿದರೆ ಎಲ್ಲೋ ಗಾಳಿ ಕದ್ದು ಒಳಗೆ ಬರುತ್ತಿದೆ, ಒಡೆದ ಹೋಸ್ ಇರಬಹುದು, ಬಹಳ ಸಲ ಸಣ್ಣ ಖರ್ಚು. ಐಡಲ್‌ನಲ್ಲಿ ಚೆನ್ನಾಗಿದ್ದು ಎಳೆಯುವಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಪಂಪ್, ಫಿಲ್ಟರ್ ಇಲ್ಲಾ ಗಾಳಿ ಅಳೆಯುವ ಸೆನ್ಸರ್ ನೋಡಬೇಕು.

ಪಿ0302 ಅಂತ ಬಂದರೆ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಮಾರುವವರು ಒಪ್ಪಿದರೆ ಎರಡನೆಯದರ ಕಾಯಿಲ್, ಅಂದರೆ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ, ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದು ಎರಡಕ್ಕೆ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಹೋಗಿದೆ, ಹತ್ತು ನಿಮಿಷದ ಕೆಲಸ. ಜಾಗ ಬಿಡದೆ ಎರಡರಲ್ಲೇ ಕೂತರೆ ಪ್ಲಗ್, ಇಂಜೆಕ್ಟರ್ ನೋಡಿ ಕೊನೆಗೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್. ಪಿ0016 ಕಂಡರೆ ವಾಲ್ವ್ ತೆರೆಯುವ ಕ್ಯಾಮ್ ಮತ್ತು ಪಿಸ್ಟನ್‌ಗಳಿಗೆ ಕೂಡಿದ ಕ್ರ್ಯಾಂಕ್ ಲೆಕ್ಕ ತಾಳೆಯಾಗುತ್ತಿಲ್ಲ. ಬೆಳಿಗ್ಗೆ ಚೈನ್ ಸದ್ದು ಕೇಳಿ ಇದೂ ಕಂಡಿದ್ದರೆ ಇನ್ನೇನು ನೋಡುವುದು?

ಗೇರ್‌ಬಾಕ್ಸ್

ಮ್ಯಾನುವಲ್ ಆದರೆ ಮೊದಲು ಕ್ಲಚ್. ಖಾಲಿ ರಸ್ತೆಯಲ್ಲಿ ಮೇಲಿನ ಗೇರ್‌ಗೆ ಹಾಕಿ, ಸುಮಾರು 2,000 ಆರ್‌ಪಿಎಂನಿಂದ ಪೂರ್ತಿ ಕಾಲು ಒತ್ತಿ. ವೇಗ ನಿಧಾನಕ್ಕೆ ಏರುತ್ತಿದ್ದು ಆರ್‌ಪಿಎಂ ಮುಳ್ಳು ಮಾತ್ರ ತಟ್ಟನೆ ಹಾರಿದರೆ ಕ್ಲಚ್ ಜಾರುತ್ತಿದೆ. ಟರ್ಬೊ ಗಾಡಿಗಳಲ್ಲಿ ಇದು ಬೇಗ ಕಾಣುತ್ತದೆ, ಕೆಳಗಿನ ಆರ್‌ಪಿಎಂನಲ್ಲೇ ಟಾರ್ಕ್ ಜಾಸ್ತಿ ಅಲ್ವಾ. ನ್ಯೂಟ್ರಲ್‌ನಲ್ಲಿ ನಿಂತಾಗ ಗೊರಗೊರ ಬಂದು ಕ್ಲಚ್ ಒತ್ತಿದರೆ ನಿಂತರೆ ಗೇರ್‌ಬಾಕ್ಸ್‌ನ ಬೇರಿಂಗ್ ಇಲ್ಲಾ ಡ್ಯುಯಲ್ ಮಾಸ್ ಫ್ಲೈವೀಲ್, ಎಂಜಿನ್ ನಡುಕ ನುಂಗುವ ಎರಡು ತುಂಡಿನ ಭಾರದ ಗಾಲಿ. ಉಲ್ಟಾ, ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಮೂರರಿಂದ ಎರಡಕ್ಕೆ ಬೇಗ ಇಳಿಸುವಾಗ ಕರ್ರ್ ಅಂದರೆ ಗೇರ್‌ಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದೆ, ಹಿಂದಿನವರು ಹೇಗೆ ಓಡಿಸುತ್ತಿದ್ದರು ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ.

ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇಟ್ಟುಕೊಂಡು ತಾನೇ ಗೇರ್ ಬದಲಿಸುವ ಬಗೆ) ಆದರೆ ಒಣ ಕ್ಲಚ್ಚಾ, ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ಚಾ ಕೇಳಿ. ಫೋಕ್ಸ್‌ವ್ಯಾಗನ್ ಬಳಗದ ಏಳು ಗೇರ್‌ನ ಡಿಕ್ಯೂ200 ಒಣ ಜಾತಿ. ಅದನ್ನು ಟ್ರಾಫಿಕ್‌ನಲ್ಲಿ ಓಡಿಸುವ ಹಾಗೆ ಆಮೆ ನಡಿಗೆಯಲ್ಲಿ ಹತ್ತು ಸಲ ನಿಲ್ಲಿಸಿ ಹೊರಡಿಸಿ, ಒಂದರಿಂದ ಎರಡಕ್ಕೆ ಹೋಗುವಾಗ ಗದಗದ ನಡುಗಿದರೆ ಹುಷಾರು. ಆರು ಗೇರ್‌ನ ಡಿಕ್ಯೂ250 ಆಯಿಲ್ ಜಾತಿ, ಗಟ್ಟಿ. ಆದರೆ ಪ್ರತಿ 60,000 ಕಿಮೀಗೆ ಅದರ ಆಯಿಲ್ ಬದಲಾಯಿಸಲೇಬೇಕು, ಚೀಟಿ ತೋರಿಸಿ ಅನ್ನಿ. ಬಾಯಿಮಾತು ಬೇಡ.

ಮಾಮೂಲಿ ಆಟೊಮ್ಯಾಟಿಕ್‌ನಲ್ಲಿ ಜನ ಎಡವುವ ಒಂದು ಜಾಗ ಇದೆ. 60ರಿಂದ 80 ಕಿಮೀ ವೇಗದಲ್ಲಿ, ಮೆಲ್ಲಗೆ ಕಾಲು ಇಟ್ಟಾಗ, ಉಬ್ಬುತಗ್ಗಿನ ಪಟ್ಟಿ ಮೇಲೆ ಹೋದ ಹಾಗೆ ಗಾಡಿ ಗಡಗಡ ಅನ್ನುತ್ತದೆ. ಪ್ಲಗ್ ಹೋಗಿದೆ ಅಂತ ಪ್ಲಗ್ ಬದಲಾಯಿಸುತ್ತಾರೆ, ಕಾಯಿಲ್ ಬದಲಾಯಿಸುತ್ತಾರೆ, ನಡುಕ ಹೋಗುವುದಿಲ್ಲ. ಪತ್ತೆ ಮಾಡುವುದು ಹೀಗೆ: ನಡುಗುತ್ತಿರುವಾಗಲೇ ಬಲಗಾಲು ಕದಲಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲ್ ಅನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಮುಟ್ಟಿದ್ದು ಗೊತ್ತಾದ ತಕ್ಷಣ ಕಂಪ್ಯೂಟರ್ ಟಾರ್ಕ್ ಕನ್ವರ್ಟರ್‌ನ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಒಳಗಿನ ಲಾಕ್ ಬಿಡಿಸುತ್ತದೆ. ನಡುಕ ಆ ಕ್ಷಣ ನಿಂತರೆ ಲಾಕ್ ಆಗುವ ಕ್ಲಚ್‌ನದ್ದೇ ತೊಂದರೆ. ನಿಲ್ಲದಿದ್ದರೆ ಪ್ಲಗ್ ಕಡೆ ಹೋಗಿ. ಹಿಂದೆ ಗಾಡಿ ಇಲ್ಲದಾಗ ಮಾಡಿ, ಎಡಗಾಲಿಗೆ ಅಭ್ಯಾಸ ಇಲ್ಲದವರು ಜೋರಾಗಿ ಒತ್ತಿಬಿಡುತ್ತಾರೆ. ನಾನೂ ಮೊದಲ ಸಲ ಒತ್ತಿ ಪಕ್ಕದವರ ಹಣೆ ಡ್ಯಾಶ್‌ಬೋರ್ಡ್‌ಗೆ ತಾಗಿಸುತ್ತಿದ್ದೆ, ಬೆಲ್ಟ್ ಇತ್ತು, ಬಚಾವ್.

ನಡುಕ ಎಲ್ಲಿಂದ

ಬ್ರೇಕ್ ಹಾಕಿದಾಗ ಮಾತ್ರ ಸ್ಟಿಯರಿಂಗ್ ನಡುಗಿದರೆ ಮುಂದಿನ ಡಿಸ್ಕ್. ಬ್ರೇಕ್ ಮುಟ್ಟದೆ 90ರಿಂದ 110ರ ನಡುವೆ ಮಾತ್ರ ನಡುಗಿ ಆಮೇಲೆ ಕಡಿಮೆಯಾದರೆ ವೀಲ್ ಬ್ಯಾಲೆನ್ಸ್, ಇಲ್ಲಾ ದೊಡ್ಡ ಅಲಾಯ್ ಗುಂಡಿಗೆ ಬಿದ್ದು ಸೊಟ್ಟಗಾಗಿದೆ. ಜೋರಾಗಿ ಎಳೆಯುವಾಗ ಮಾತ್ರ ನಡುಗಿ ಕಾಲು ತೆಗೆದರೆ ನಿಂತರೆ ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್. ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ಟಕಟಕ ಅಂದರೆ ಹೊರಗಿನ ಜಾಯಿಂಟ್. ವೇಗದ ಜತೆ ಏರುವ ಗುಂಯ್ ಸದ್ದು ಟೈರಿನದ್ದೂ ಇರಬಹುದು, ವೀಲ್ ಬೇರಿಂಗ್‌ನದ್ದೂ ಇರಬಹುದು. ಅಗಲದ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೆ ಬಲಕ್ಕೆ ಓಲಾಡಿಸಿ. ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲಗಡೆ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಗಡೆ ಬೇರಿಂಗ್. ಓಲಾಟಕ್ಕೆ ಏನೂ ಬದಲಾಗದೆ ರಸ್ತೆ ನುಣ್ಣಗಾದಾಗ ಸದ್ದು ಬದಲಾದರೆ ಟೈರ್.

ಟೈರ್ ಬಗ್ಗೆ ಇನ್ನೊಂದು. ಮೇಲಿಂದ ನೋಡಿ ಬಿಡಬೇಡಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒಳ ಅಂಚನ್ನು ಬೆರಳಿನಿಂದ ಸವರಿ. ಇಂಥ ಗಾಡಿಗಳಿಗೆ ತಗ್ಗಿಸುವ ಸ್ಪ್ರಿಂಗ್ ಹಾಕುವ ಖಯಾಲಿ ಜಾಸ್ತಿ, ಅಲೈನ್‌ಮೆಂಟ್ ಮಾಡಿಸುವ ಖಯಾಲಿ ಕಡಿಮೆ. ಹೊರಗೆ 6 ಮಿಮೀ ಟ್ರೆಡ್ ಇದ್ದು ಒಳಗೆ ತಂತಿ ಕಾಣುತ್ತಿರುತ್ತದೆ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲಿ ನಾಲ್ಕು ಟೈರ್ ನಾಲ್ಕು ಬಗೆಯವಾಗಿದ್ದರೆ ನನಗೆ ಟೈರ್‌ಗಿಂತ ಡಿಫರೆನ್ಷಿಯಲ್ ಚಿಂತೆ ಹತ್ತುತ್ತದೆ. ಟೈರ್‌ಗಳ ಸುತ್ತಳತೆಯ ವ್ಯತ್ಯಾಸವನ್ನು ಅದು ಹಗಲು ರಾತ್ರಿ ನುಂಗಿಕೊಂಡು ಓಡಿರುತ್ತದೆ.

ಬಿಚ್ಚಿ ಮುಚ್ಚಿದ ಗುರುತು

ಚಿಪ್ ಟ್ಯೂನ್ (ಶಕ್ತಿ ಏರಿಸಲು ಎಂಜಿನ್ ಕಂಪ್ಯೂಟರ್‌ನ ಲೆಕ್ಕ ಬದಲಿಸುವುದು) ಮಾಡಿಸಿ, ಮಾರುವ ಮುಂಚೆ ಎಲ್ಲ ಮೊದಲಿನ ಹಾಗೆ ಮಾಡಿಟ್ಟ ಗಾಡಿಯೇ ಅತಿ ಕಷ್ಟದ ಗಿರಾಕಿ. ಯಾರೂ ಬಾಯಿ ಬಿಡುವುದಿಲ್ಲ. ಏರ್ ಫಿಲ್ಟರ್ ಡಬ್ಬದ ಸ್ಕ್ರೂಗಳ ತಲೆ ಸವೆದಿದೆಯಾ, ಟರ್ಬೊದಿಂದ ಬರುವ ಹೋಸ್‌ಗಳ ಕ್ಲ್ಯಾಂಪ್ ಒಂದೆರಡು ಮಾತ್ರ ಹೊಳೆಯುತ್ತಿವೆಯಾ, ಕಿಟಕಿ ಪಕ್ಕದ ಕಂಬದಲ್ಲಿ ಬೂಸ್ಟ್ ಗೇಜ್ ಕೂರಿಸಿದ್ದ ತೂತು ಮುಚ್ಚಿದ ಗುರುತು ಇದೆಯಾ, ಸೈಲೆನ್ಸರ್ ಮಾತ್ರ ಗಾಡಿಗಿಂತ ಹೊಸದಾ. ಟ್ಯೂನ್ ಮಾಡಿದ್ದೇ ಅಪರಾಧ ಅಂತ ನಾನು ಹೇಳುವುದಿಲ್ಲ. ಹೇಳಿ ಮಾರಿದರೆ ಮಾತಾಡಬಹುದು. ಮುಚ್ಚಿಟ್ಟರೆ ಇನ್ನೇನೇನು ಮುಚ್ಚಿಟ್ಟಿದ್ದಾರೋ ಅನ್ನುವ ಪ್ರಶ್ನೆ ಬರುತ್ತದೆ.

ಬಾಡಿ ವಿಷಯ ಬೇಗ ಮುಗಿಸುತ್ತೇನೆ. ಪೇಂಟ್ ದಪ್ಪ ಅಳೆಯುವ ಉಪಕರಣ ಸಿಕ್ಕರೆ ತನ್ನಿ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 80ರಿಂದ 160 ಮೈಕ್ರಾನ್ ಇರುತ್ತದೆ, ಒಂದು ಬಾಗಿಲಲ್ಲಿ ಮಾತ್ರ 300, 400 ಬಂದರೆ ಮತ್ತೆ ಬಣ್ಣ ಹೊಡೆದಿದ್ದಾರೆ, ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ. ಡಿಕ್ಕಿಯ ಸ್ಟೆಪ್ನಿ ಎತ್ತಿ ಕೆಳಗಿನ ತಗಡು ಮಡಚಿದೆಯಾ, ನೀರು ನಿಂತಿದೆಯಾ ನೋಡಿ. ಮೊದಲ ತಲೆಮಾರಿನ ಮಜ್ದಾ 6 ಆದರೆ ಹಿಂದಿನ ಚಕ್ರದ ಕಮಾನಿನ ಒಳಗೆ ಕೈ ಹಾಕಿ ತುಕ್ಕು ಹುಡುಕಿ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಆ ದೀಪವನ್ನೇ ಕಿತ್ತಿರಬಹುದು. ಮೀಟರ್ 40,000 ತೋರಿಸುತ್ತಿದ್ದು ಡ್ರೈವರ್ ಸೀಟಿನ ಪಕ್ಕದ ಉಬ್ಬು ಹರಿದು ಬ್ರೇಕ್ ಪೆಡಲ್‌ನ ರಬ್ಬರ್ ನುಣ್ಣಗಾಗಿದ್ದರೆ, ನಾನು ಮೀಟರ್ ನಂಬುವುದಿಲ್ಲ, ರಬ್ಬರ್ ನಂಬುತ್ತೇನೆ.

ಕೊಳ್ಳಬೇಕಾ ಬಿಡಬೇಕಾ

ನನ್ನ ಲೆಕ್ಕ ಇಷ್ಟು. ಚೈನ್ ಸದ್ದು ಇದ್ದು ಬದಲಾಯಿಸಿದ ದಾಖಲೆ ಇಲ್ಲ, ಕೂಲೆಂಟ್‌ಗೆ ಸುಟ್ಟ ಗಾಳಿ ಬರುತ್ತಿದೆ, ಆಟೊಮ್ಯಾಟಿಕ್ ಗೇರ್ ಜಾರುತ್ತಿದೆ, ಏರ್‌ಬ್ಯಾಗ್ ಅಥವಾ ಚಾಸಿಗೆ ಪೆಟ್ಟಾಗಿದೆ, ಕೋಡ್ ಅಳಿಸಿ ಸುಳ್ಳು ಹೇಳಿದ್ದಾರೆ, ಇವುಗಳಲ್ಲಿ ಒಂದಿದ್ದರೂ ಎಷ್ಟೇ ಬೆಲೆ ಇಳಿಸಿದರೂ ನಾನು ಕೊಳ್ಳುವುದಿಲ್ಲ. ಬುಶ್, ಶಾಕ್ ಅಬ್ಸಾರ್ಬರ್, ಬ್ರೇಕ್ ಡಿಸ್ಕ್, ಟೈರ್, ಎಂಜಿನ್ ಮೌಂಟ್, ವೀಲ್ ಬೇರಿಂಗ್, ಇವೆಲ್ಲ ಸವೆಯಲಿಕ್ಕೇ ಇರುವ ಸಾಮಾನು. ಒಂದು ಕಾಗದದಲ್ಲಿ ಬರೆದು, ಗ್ಯಾರೇಜ್‌ನಲ್ಲಿ ಖರ್ಚು ಕೇಳಿ, ಅಷ್ಟನ್ನು ಬೆಲೆಯಲ್ಲಿ ಕಳೆಯಿರಿ. ಕ್ಲಚ್ ನಡುವಿನದು, ಫ್ಲೈವೀಲ್ ಸೇರಿಸಿ ಲೆಕ್ಕ ಹಾಕಿದರೆ ಕೆಲವು ಸಲ ಗಿಟ್ಟುತ್ತದೆ, ಕೆಲವು ಸಲ ಇಲ್ಲ. ಗೀರು, ಮಾಸಿದ ಹೆಡ್‌ಲೈಟ್, ಅಂಟಿದ ಬಟನ್, ಇವನ್ನು ನೋಡಿಯೂ ನೋಡದ ಹಾಗೆ ಇರಿ.

ಆ ಕಪ್ಪು ಗಾಡಿಯನ್ನು ದೋಷ ಏನಿದೆ ಅಂತ ಹೇಳಿಯೇ ನಷ್ಟಕ್ಕೆ ಮಾರಿದೆ. ಅದರ ಮುಂದಿನದನ್ನು ನೋಡಲು ಬೆಳಿಗ್ಗೆ ಆರೂವರೆಗೆ ಹೋಗಿದ್ದೆ. ಬಾನೆಟ್ ಮೇಲೆ ಇಬ್ಬನಿ ಹಾಗೇ ಇತ್ತು, ಒರೆಸಿದ ಗುರುತೂ ಇರಲಿಲ್ಲ. ಸ್ಟಾರ್ಟ್ ಮಾಡಿದರು, ಗಲಗಲ ಇಲ್ಲ, ಇಂಜೆಕ್ಟರ್‌ನ ಟಿಕ್ ಟಿಕ್ ಮಾತ್ರ. ಕೋಡ್ ಅಳಿಸಿದ ಮೇಲೆ ಓಡಿದ ದೂರ 11,000 ಕಿಲೋಮೀಟರ್ ಚಿಲ್ಲರೆ. ಮೂರು ವರ್ಷವಾಯಿತು, ಇನ್ನೂ ಅದನ್ನೇ ಓಡಿಸುತ್ತಿದ್ದೇನೆ. ಹಿಂದಿನ ಎಡಗಡೆಯ ಬುಶ್ ಅವತ್ತೇ ಕಿರುಗುಟ್ಟುತ್ತಿತ್ತು, ಅದರ ಖರ್ಚು ಬೆಲೆಯಲ್ಲಿ ಕಳೆದುಕೊಂಡಿದ್ದೆ ಕೂಡ. ಬದಲಾಯಿಸುವುದು ಮಾತ್ರ ಇನ್ನೂ ಆಗಿಲ್ಲ.